ಖರೀದಿ ಆದ ಮೇಲೆ ಬಂದ ರಿಯಾಯಿತಿ ಮೆಸೇಜ್

ಅಂಗಡಿ ಲೆಕ್ಕ ಬಲ್ಲವರಿಗೆ ಕಿರ್ದಿ, ಖತಾವಣಿ ಎರಡೂ ಗೊತ್ತು. ದಿನದ ವ್ಯವಹಾರ ಮೊದಲು ಕಿರ್ದಿಗೆ ಬೀಳುತ್ತದೆ, ಆಮೇಲೆ ಗಿರಾಕಿಯ ಖಾತೆಗೆ ಇಳಿಯುತ್ತದೆ. ಇಳಿಸುವ ಮೊದಲೇ ಖಾತೆ ನೋಡಿ ಬಾಕಿ ಕೇಳಿದರೆ ಜಗಳ ಗ್ಯಾರಂಟಿ. ಈಗ ಪುಸ್ತಕ ಹೋಗಿ ಸಾಫ್ಟ್‌ವೇರ್ ಬಂದಿದೆ. ಜಗಳ ಮಾತ್ರ ಹಾಗೇ ಉಳಿದಿದೆ.

ನಾವು ವರದಿ ಮಾಡುವ ತಾಲ್ಲೂಕಿನ ಒಂದು ಊರಲ್ಲಿ ಅಣ್ಣ ತಮ್ಮ ಕೂಡಿ ಪವರ್ ಟಿಲ್ಲರ್ ತಗೊಂಡರು. ಶೋರೂಮಿಗೆ ಹೋಗಿ ವ್ಯಾಪಾರ ಕುದುರಿಸಿದ್ದು ತಮ್ಮ. ಗಾಡಿ ಮನೆಗೆ ಬಂದ ಮಾರನೇ ದಿನ ಅಣ್ಣನ ಫೋನಿಗೆ ಅದೇ ಶೋರೂಮಿನ ಮೆಸೇಜ್: ಈ ವಾರ ಬುಕ್ ಮಾಡಿದರೆ 10,000 ರೂಪಾಯಿ ರಿಯಾಯಿತಿ. ರಾತ್ರಿ ಊಟಕ್ಕೆ ಕೂತಾಗ ಅಣ್ಣ ಕೇಳಿದ್ದು ಒಂದೇ ಮಾತು: "ಆ ಹತ್ತು ಸಾವಿರ ಎಲ್ಲಿ ಹೋಯ್ತೋ?" ತಮ್ಮ ತಟ್ಟೆ ಬಿಟ್ಟು ಎದ್ದ. ನಾವು ಬೆಳೆಹಾನಿ ಸುದ್ದಿಗೆ ಆ ಊರಿಗೆ ಹೋಗುವ ಹೊತ್ತಿಗೆ ಇಬ್ಬರಲ್ಲಿ ಮಾತು ನಿಂತು ನಾಲ್ಕು ದಿನ ಆಗಿತ್ತು. ಅವರ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು, "ನೀವು ಪೇಪರಿನವರು, ಸ್ವಲ್ಪ ವಿಚಾರಿಸ್ರಪ್ಪ" ಅಂದರು.

ತಮ್ಮನನ್ನು ಕರೆದುಕೊಂಡು ಶೋರೂಮಿಗೆ ಹೋದೆವು. ಕಂಪ್ಯೂಟರ್ ಮುಂದಿದ್ದ ಹುಡುಗಿ ಎರಡು ಪರದೆ ತೆರೆದು ತೋರಿಸಿದಳು. ಒಂದು ಸಾಫ್ಟ್‌ವೇರ್ ಗಿರಾಕಿಗಳ ದಾಖಲೆ ಇಡುತ್ತದೆ, ಇನ್ನೊಂದು ಮೆಸೇಜ್ ಕಳಿಸುತ್ತದೆ. ಮೊದಲನೆಯದರಲ್ಲಿ ಮಾರಾಟ ಏರಿದ್ದು ಸಂಜೆ. ಅಲ್ಲಿಂದ ಎರಡನೆಯದಕ್ಕೆ ಮಾಹಿತಿ ದಾಟುವುದು ದಿನಕ್ಕೆ ಒಂದೇ ಸಲ, ಮಧ್ಯಾಹ್ನ 12ಕ್ಕೆ. ಮೆಸೇಜ್ ಹೋಗಿದ್ದು ಬೆಳಿಗ್ಗೆ 10ಕ್ಕೆ. ಆ ಹೊತ್ತಿಗೆ ಮೆಸೇಜ್ ಸಾಫ್ಟ್‌ವೇರಿನ ಪಾಲಿಗೆ ಈ ಮನೆಯವರು ಇನ್ನೂ ಬರೀ ವಿಚಾರಿಸಿ ಹೋದವರು.

ಇನ್ನೊಂದು ತೊಡಕೂ ಇತ್ತು. ಮೊದಲು ಬೆಲೆ ವಿಚಾರಿಸಿದಾಗ ಕೊಟ್ಟಿದ್ದು ಅಣ್ಣನ ನಂಬರ್, ಬಿಲ್ಲಿಗೆ ಕೊಟ್ಟಿದ್ದು ತಮ್ಮನ ನಂಬರ್. ಆ ಸಾಫ್ಟ್‌ವೇರಿಗೆ ನಂಬರೇ ಮನುಷ್ಯ. ಹಾಗಾಗಿ ಮಾಹಿತಿ ಹೊತ್ತಿಗೆ ಸರಿಯಾಗಿ ದಾಟಿದ್ದರೂ ಅಣ್ಣನಿಗೆ ಮೆಸೇಜ್ ತಪ್ಪುತ್ತಿರಲಿಲ್ಲ. ಒಂದು ಮನೆಗೆ ಎರಡು ನಂಬರ್, ನಾಲ್ಕು ಜನಕ್ಕೆ ಒಂದೇ ಫೋನ್, ಇದು ಹಳ್ಳಿಯಲ್ಲಿ ಮಾಮೂಲು. ಸಾಫ್ಟ್‌ವೇರಿಗೆ ಇದು ಯಾರಾದರೂ ಹೇಳಿಕೊಟ್ಟರಷ್ಟೇ ಗೊತ್ತಾಗುವುದು.

ಕೊನೆಗೆ ಬಿಲ್ಲು ಬಿಡಿಸಿ ನೋಡಿದರೆ 10,000 ರೂಪಾಯಿ ಆಗಲೇ ಕಡಿತ ಆಗಿತ್ತು. ತಮ್ಮ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ.

ಈ ತಡ ಸಣ್ಣ ಶೋರೂಮಿನದಷ್ಟೇ ಅಲ್ಲ. ದೊಡ್ಡ ಕಂಪನಿಗಳು ಬಳಸುವ ಮಾರ್ಕೆಟೊ ಎಂಬ ಮೆಸೇಜ್ ಸಾಫ್ಟ್‌ವೇರ್ ಕೂಡ ಸೇಲ್ಸ್‌ಫೋರ್ಸ್‌ನ ಗಿರಾಕಿ ದಾಖಲೆಯನ್ನು ಪ್ರತಿಕ್ಷಣ ನೋಡುತ್ತಾ ಕೂರುವುದಿಲ್ಲ. ಒಂದು ಸಲ ಮಾಹಿತಿ ದಾಟಿಸಿ ಮುಗಿದ ಮೇಲೆ ಸುಮಾರು 5 ನಿಮಿಷ ಬಿಟ್ಟು ಮತ್ತೆ ಶುರು ಮಾಡುತ್ತದೆ. ದಾಖಲೆ ರಾಶಿ ಬಿದ್ದರೆ ಇನ್ನೂ ತಡ. ದಿನಕ್ಕೆ ಇಷ್ಟೇ ಸಲ ಮಾಹಿತಿ ಕೇಳಬಹುದು ಎಂಬ ಮಿತಿಯೂ ಇರುತ್ತದೆ.

ತಡವನ್ನು ಪೂರ್ತಿ ಇಲ್ಲವಾಗಿಸಲು ಆಗಲಿಕ್ಕಿಲ್ಲ. ತಡ ಇದೆ ಎಂದು ಗೊತ್ತಿಟ್ಟುಕೊಂಡು ನಡೆಯಬಹುದು. ಶೋರೂಮ್, ಗೊಬ್ಬರದಂಗಡಿ, ಸೊಸೈಟಿ ನಡೆಸುವ ಓದುಗರು ನಮ್ಮಲ್ಲೂ ಇದ್ದೀರಿ. ಮೆಸೇಜ್ ಬಿಡುವ ಮೊದಲು ಮಾಹಿತಿ ಕೊನೆಯ ಸಲ ದಾಟಿದ್ದು ಯಾವಾಗ ಎಂದು ನೋಡಿ. ಹಿಂದಿನ ಎರಡು ದಿನದಲ್ಲಿ ಖರೀದಿಸಿದವರನ್ನು, ಹಣ ಕಟ್ಟಿದವರನ್ನು ಪಟ್ಟಿಯಿಂದ ಕೈಯಾರೆ ತೆಗೆಯಿರಿ. ದಾಟದೆ ಸಿಕ್ಕಿಕೊಂಡ ದಾಖಲೆಗಳನ್ನು ದಿನಾ ತೆರೆದು ನೋಡಿ. ಮೆಸೇಜ್ ಬೇಡ ಅಂದವರ ಮಾತು ಎರಡೂ ಕಡೆ ಅವತ್ತೇ ಏರಲಿ.

ನಮ್ಮ ಕಸುಬಿನ ಒಂದು ರೂಢಿಯನ್ನೂ ಅವರಿಗೆ ಹೇಳಬೇಕು. ಅಪಘಾತದ ಸುದ್ದಿ ಕಳಿಸುವಾಗ ನಾವು "ರಾತ್ರಿ 9ರ ವೇಳೆಗೆ" ಎಂದು ಬರೆಯುತ್ತೇವೆ. ಆಮೇಲೆ ಲೆಕ್ಕ ಬದಲಾಗಬಹುದು ಎಂದು ಓದುವವರಿಗೆ ತಿಳಿಯಲಿ ಅಂತ. ಬಾಕಿ ಮೆಸೇಜಿನಲ್ಲೂ "ನಿನ್ನೆ ಸಂಜೆಯ ಲೆಕ್ಕದಂತೆ, ಈಗಾಗಲೇ ಕಟ್ಟಿದ್ದರೆ ಇದನ್ನು ಬಿಡಿ" ಎಂಬ ಒಂದು ಸಾಲು ಇದ್ದರೆ ಎಷ್ಟೋ ಮನೆಯ ಜಗಳ ತಪ್ಪುತ್ತದೆ.

ಮೆಸೇಜ್ ಓದುವವರು ಮೊದಲು ಬಿಲ್ಲು, ರಸೀದಿ ನೋಡಿ. ಅನುಮಾನ ಬಂದರೆ ಮೆಸೇಜಿನಲ್ಲಿರುವ ಲಿಂಕ್ ಒತ್ತಬೇಡಿ, ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಕೇಳದೆ ಬರುವ ಜಾಹೀರಾತು ಕಾಟವಾದರೆ 1909ಕ್ಕೆ ದೂರು ಕೊಡಬಹುದು. ಟ್ರಾಯ್ 2025ರಲ್ಲಿ ನಿಯಮ ತಿದ್ದಿ, ದೂರಿನ ಗಡುವನ್ನು 3 ದಿನದಿಂದ 7 ದಿನಕ್ಕೆ ಏರಿಸಿದೆ.

ಮೆಸೇಜ್ ನಂಬಿ ಮನೆಯವರನ್ನು ಅನುಮಾನಿಸುವ ಮೊದಲು ಒಂದು ದಿನ ತಡೆಯಿರಿ. ಅಷ್ಟರಲ್ಲಿ ಖಾತೆಗೆ ಲೆಕ್ಕ ಇಳಿದಿರುತ್ತದೆ.