ಚಿನ್ನದ ಅಂಚಿನಲ್ಲಿ ಒಂದು ಪ್ಲಾಟಿನಂ ತುದಿ

ಕೋಣೆಯ ಫ್ಯಾನ್, ಎಸಿ ಎರಡೂ ನಿಂತಿವೆ. ಮೇಜು ಅಲುಗಿದರೆ ದ್ರಾವಣವೂ ಅಲುಗುತ್ತದೆ, ಅಳತೆ ಕೆಡುತ್ತದೆ, ಮೆಲ್ಲಗೆ ಬನ್ನಿ. ಅರ್ತ್ ಕೊಟ್ಟ ಲೋಹದ ಪೆಟ್ಟಿಗೆಯ ಬಾಗಿಲು ತೆರೆದು ಇಣುಕಿ. ಒಳಗಿನ ಪುಟ್ಟ ತೊಟ್ಟಿಯಲ್ಲಿ ತಿಳಿ ಹಳದಿ ದ್ರಾವಣವಿದೆ: ನೀರು, ಉಪ್ಪು, ಲೀಟರಿಗೆ 1 ಮಿಲಿಮೋಲ್ ಫೆರೊಸೀನ್ ಮೆಥನಾಲ್. ತಳದಲ್ಲಿ ಗಾಜಿನ ಬಿಲ್ಲೆ, ಅದರ ಅರ್ಧಕ್ಕೆ ಚಿನ್ನದ ತೆಳು ಲೇಪ.

ದ್ರಾವಣಕ್ಕೆ ಇಳಿಸುವ ಮುನ್ನ ಎಲೆಕ್ಟ್ರೋಡಿನ ತುದಿಯನ್ನು ಸೂಕ್ಷ್ಮದರ್ಶಕದಡಿ ಹಿಡಿಯಿರಿ. 25 ಮೈಕ್ರಾನ್ ದಪ್ಪದ ಪ್ಲಾಟಿನಂ ತಂತಿಯನ್ನು ಗಾಜಿನ ನಳಿಗೆಯಲ್ಲಿಟ್ಟು, ಕಾಯಿಸಿ ಬೆಸೆದು, ಅಲ್ಯೂಮಿನಾ ಪುಡಿಯಿಂದ ಉಜ್ಜಿ ನುಣುಪು ಮಾಡಿದ್ದಾರೆ. ಗಾಜಿನ ಉಂಗುರದ ನಡುವೆ ದುಂಡನೆಯ ಹೊಳೆಯುವ ಚುಕ್ಕೆ ಕಾಣಬೇಕು. ಲೋಹಕ್ಕೂ ಗಾಜಿಗೂ ನಡುವೆ ಕೂದಲೆಳೆಯ ಬಿರುಕಿದ್ದರೂ ದ್ರಾವಣ ಒಳನುಗ್ಗುತ್ತದೆ, ಮುಂದೆ ಸಿಗುವ ಅಂಕಿಗಳೆಲ್ಲ ಸುಳ್ಳಾಗುತ್ತವೆ. ಮುಂದಿನ ಎಲ್ಲ ಗಣಿತಕ್ಕಿಂತ ಈ ಉಜ್ಜುವ ಕೈಯ ತಾಳ್ಮೆಯೇ ದೊಡ್ಡದೆಂದು ನನ್ನ ನಂಬಿಕೆ.

ಈಗ ಇಳಿಸಿ, ವೋಲ್ಟೇಜ್ ಕೊಡಿ. ಪರದೆಯ ಮೇಲಿನ ಗೆರೆ ಒಮ್ಮೆ ಜಿಗಿದು ಸುಮಾರು 3.8 ನ್ಯಾನೋಆಂಪಿಯರ್ ಬಳಿ ನೆಲೆ ನಿಲ್ಲುತ್ತದೆ. ದೊಡ್ಡ ಎಲೆಕ್ಟ್ರೋಡ್ ಆಗಿದ್ದರೆ ಸುತ್ತಲಿನ ಫೆರೊಸೀನ್ ಮೆಥನಾಲ್ ಅಣುಗಳು ಎಲೆಕ್ಟ್ರಾನ್ ಕೊಟ್ಟು ಖರ್ಚಾಗಿ ಕರೆಂಟ್ ಇಳಿಯುತ್ತಲೇ ಹೋಗುತ್ತಿತ್ತು. ಇಷ್ಟು ಚಿಕ್ಕ ತುದಿಗೆ ಹಾಗಾಗುವುದಿಲ್ಲ. ಬೆಲ್ಲದ ಚೂರಿಗೆ ಇರುವೆ ಮುತ್ತುವಂತೆ ಎಲ್ಲ ದಿಕ್ಕಿನಿಂದಲೂ ಅಣುಗಳು ಬರುತ್ತಲೇ ಇರುತ್ತವೆ.

ಮೋಟಾರು ತುದಿಯನ್ನು ಗಾಜಿನ ಕಡೆಗೆ ಒಯ್ಯುತ್ತಿದೆ. ಗೆರೆ ಬಾಗತೊಡಗಿತು, ನೋಡಿದಿರಾ? ಕೆಳಗಿನ ಗಾಜು ಅಣುಗಳ ದಾರಿಗೆ ಅಡ್ಡ ಬರುತ್ತಿದೆ. ತುದಿ 12.5 ಮೈಕ್ರಾನ್ ಎತ್ತರಕ್ಕೆ, ಅಂದರೆ ತನ್ನ ತ್ರಿಜ್ಯದಷ್ಟು ದೂರಕ್ಕೆ, ಬರುವ ಹೊತ್ತಿಗೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕಿಳಿದು 2 ನ್ಯಾನೋಆಂಪಿಯರ್ ಆಗಿದೆ.

ಅಲ್ಲೇ ನಿಲ್ಲಿಸಿ. ಎತ್ತರ ಬದಲಿಸದೆ ಚಿನ್ನದ ಕಡೆಗೆ ಸರಿಸಿ, ಸೆಕೆಂಡಿಗೆ ಕೆಲವೇ ಮೈಕ್ರಾನ್. ಗೆರೆ ಕದಲಿತು, ಏರಿತು, 6ರ ಹತ್ತಿರಕ್ಕೆ ಬಂದು ನಿಂತಿತು! ಆ ಚಿನ್ನಕ್ಕೆ ನಾವು ಯಾವ ತಂತಿಯನ್ನೂ ಜೋಡಿಸಿಲ್ಲ. ತುದಿಯಲ್ಲಿ ಎಲೆಕ್ಟ್ರಾನ್ ಕಳೆದುಕೊಂಡ ಅಣು ಕೆಳಗಿಳಿದು ಚಿನ್ನವನ್ನು ಮುಟ್ಟುತ್ತದೆ, ಅಲ್ಲಿಂದ ಒಂದು ಎಲೆಕ್ಟ್ರಾನ್ ಪಡೆದು ಮತ್ತೆ ತುದಿಗೆ ಬರುತ್ತದೆ. ಚಿನ್ನ ತನ್ನ ಕೊರತೆಯನ್ನು ಲೇಪದ ದೂರದ ಭಾಗದಲ್ಲಿ, ಅಲ್ಲಿನ ಅಣುಗಳಿಂದ ತುಂಬಿಕೊಳ್ಳುತ್ತದೆ. ಎಷ್ಟು ಸಲ ಕಂಡರೂ ಈ ಕೊಡು-ಕೊಳ್ಳುವಿಕೆ ನನ್ನನ್ನು ಬೆರಗುಗೊಳಿಸುತ್ತದೆ. ಮುಟ್ಟದೆಯೇ ಮೇಲ್ಮೈಯ ಗುಣ ತಿಳಿಯಿತು: ಇಲ್ಲಿ ಕ್ರಿಯೆ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ.

1989ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಅಲೆನ್ ಬಾರ್ಡ್ ಮತ್ತು ಸಂಗಡಿಗರು ಸ್ಕ್ಯಾನಿಂಗ್ ಎಲೆಕ್ಟ್ರೋಕೆಮಿಕಲ್ ಮೈಕ್ರೋಸ್ಕೊಪಿ ಎಂಬ ಹೆಸರಲ್ಲಿ ಈ ವಿಧಾನದ ತತ್ತ್ವವನ್ನು ಪ್ರಕಟಿಸಿದರು. ಮರುವರ್ಷವೇ ಅವರ ತಂಡ ತುದಿಯನ್ನು ಎಲೆಗಳ ಮೇಲೆ ಒಯ್ದಿತು. ನಾವೂ ಒಯ್ಯೋಣ. ಬಿಲ್ಲೆ ತೆಗೆದು, ನೀರಲ್ಲಿ ಬೆಳೆಯುವ ಎಲೋಡಿಯಾ ಗಿಡದ ಒಂದು ಎಲೆಯನ್ನು ತಳಕ್ಕೆ ಅಂಟಿಸಿ. ದ್ರಾವಣ ಬದಲಾಗಿದೆ, ವೋಲ್ಟೇಜ್ ಕೂಡ. ಈಗ ತುದಿ ಅಳೆಯುತ್ತಿರುವುದು ಆಮ್ಲಜನಕವನ್ನು. ದೀಪ ಹಾಕಿ. ಗೆರೆ ನಿಧಾನವಾಗಿ ಏರುತ್ತಿದೆ, ಎಲೆ ದ್ಯುತಿಸಂಶ್ಲೇಷಣೆಗೆ ತೊಡಗಿದೆ. ದೀಪ ಆರಿಸಬೇಡಿ, ಎಲೆಯ ಉದ್ದಕ್ಕೂ ತುದಿಯನ್ನು ಸಾಲುಸಾಲಾಗಿ ಓಡಿಸೋಣ. ಯಾವ ಜಾಗದಿಂದ ಎಷ್ಟು ಬರುತ್ತಿದೆ ಎಂಬುದರ ನಕ್ಷೆ ಬೇಕು.