ಕುದುರೆ ರಿಪೇರಿಗೆ ಹೋಗಿದೆ

“ಅಂಕಲ್, ಕುದುರೆ ರಿಪೇರಿಗೆ ಹೋಗಿದೆಯಂತೆ” ಅಂದ ಹುಡುಗ, ಫೋನಿನಿಂದ ತಲೆ ಎತ್ತದೆ. ಸಹೋದ್ಯೋಗಿಯ ಮಗ ಅವನು. ಜಪಾನಿನ ಸೆಂದಾಯಿಯಲ್ಲಿ, ತೊಹೊಕು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. 2022ರ ನವೆಂಬರ್. ಮೆಟ್ರೊ ಇಳಿದು ಏದುಸಿರು ಬಿಡುತ್ತ ಅಓಬಾ ಗುಡ್ಡ ಹತ್ತಿದ್ದೆವು. ಎದುರಿಗೆ ಪೀಠವಿತ್ತು, ಅದರ ಮೇಲೆ ಆಕಾಶವಿತ್ತು. ಈ ಸೀಮೆ ಆಳಿದ ದೊರೆ ದಾತೆ ಮಸಮುನೆಯ ಪ್ರತಿಮೆಯೂ ಇಲ್ಲ, ಅವನ ಕುದುರೆಯೂ ಇಲ್ಲ.

ನಾನು ಮೊದಲ ಸಲ ಬಂದದ್ದು 2008ರಲ್ಲಿ, ಅದೇ ವಿಶ್ವವಿದ್ಯಾಲಯಕ್ಕೆ ಲೋಹಶಾಸ್ತ್ರದ ಸಂಶೋಧನೆಗೆ. ಆಗ ಈ ಮೆಟ್ರೊ ಮಾರ್ಗ ಇರಲಿಲ್ಲ. ಅದು ಶುರುವಾದದ್ದು 2015ರ ಡಿಸೆಂಬರಿನಲ್ಲಿ. ಭಾನುವಾರ ಬಂತೆಂದರೆ ಕಾಲ್ನಡಿಗೆಯಲ್ಲಿ ಇಲ್ಲಿಗೆ ಬರುತ್ತಿದ್ದೆ. ಗುಡ್ಡದ ಮೇಲೆ ಕೋಟೆ ಎಂದು ಕೇಳಿ ಚಿತ್ರದುರ್ಗದಂಥದ್ದನ್ನು ಎಣಿಸಿಕೊಂಡು ಬಂದವನಿಗೆ ಸಿಕ್ಕಿದ್ದು ಕಲ್ಲಿನ ಎತ್ತರದ ಗೋಡೆ, ಬಯಲು, ಒಂದು ಗುಡಿ, ಅಂಗಡಿಗಳು. ಮಸಮುನೆ 1601ರ ಹೊತ್ತಿಗೆ ಕಟ್ಟಿಸಲು ತೊಡಗಿದ ಕೋಟೆಗೆ ಜಪಾನಿನ ಬೇರೆ ಕೋಟೆಗಳಲ್ಲಿರುವಂಥ ದೊಡ್ಡ ಗೋಪುರ ಮೊದಲಿಂದಲೂ ಇರಲಿಲ್ಲ. ಇದ್ದ ಹೆಬ್ಬಾಗಿಲು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಹಾಗಾಗಿ ನೋಡುವುದಕ್ಕೆ ಅಂತ ಇದ್ದದ್ದು ಕುದುರೆ ಮೇಲಿನ ದೊರೆ ಒಬ್ಬನೇ: ಶಿರಸ್ತ್ರಾಣದ ಮೇಲೆ ಓರೆಯಾದ ಅರ್ಧಚಂದ್ರ, ಕೆಳಗೆ ಊರು, ಹಿರೊಸೆ ನದಿ.

ಅವನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು, “ನಾಲ್ಕು ನೂರು ವರ್ಷದ ಇತಿಹಾಸ” ಎಂದು ಊರಿಗೆ ಇಮೇಲ್ ಬರೆದೆ. ಪ್ರತಿಮೆ ನನಗಿಂತ ಹನ್ನೊಂದು ವರ್ಷ ದೊಡ್ಡದು, ಅಷ್ಟೆ.

ಅದರ ಕತೆ ಗೊತ್ತಾದದ್ದು ಆಮೇಲೆ. ಮಸಮುನೆ ತೀರಿಕೊಂಡದ್ದು 1636ರಲ್ಲಿ. ಮುನ್ನೂರನೆಯ ವರ್ಷದ ಸ್ಮರಣೆಗೆಂದು ಶಿಲ್ಪಿ ಕೊಮುರೊ ತೊರು ಮಾಡಿದ ಕಂಚಿನ ಕುದುರೆ ಸವಾರ 1935ರಲ್ಲಿ ಗುಡ್ಡ ಏರಿದ. 1944ರಲ್ಲಿ ಯುದ್ಧಕ್ಕೆ ಲೋಹ ಬೇಕಾಗಿ ಇಳಿಸಿಕೊಂಡು ಹೋದರು. ದೇಶವೇ ಹೊಗಳುತ್ತಿದ್ದ ವೀರನನ್ನು ಗುಜರಿಗೆ ಹಾಕಿದ್ದು! ಯುದ್ಧ ಮುಗಿದ ಮೇಲೆ ಹತ್ತಿರದ ಶಿಯೊಗಾಮದಲ್ಲಿ ಮೇಲ್ಭಾಗ ಮಾತ್ರ ಸಿಕ್ಕಿತು. ಆ ತುಂಡನ್ನು ನಾನು 2008ರಲ್ಲೇ ಊರಿನ ಮ್ಯೂಸಿಯಂ ತೋಟದಲ್ಲಿ ನೋಡಿದ್ದೆ. ಯಾರೋ ಬೇಕೆಂದೇ ಎದೆಮಟ್ಟಕ್ಕೆ ಮಾಡಿದ ಶಿಲ್ಪ ಅಂದುಕೊಂಡು ಮುಂದೆ ಹೋಗಿದ್ದೆ. ಲೋಹದ ಪಾಠ ಹೇಳಿ ಹೊಟ್ಟೆ ಹೊರೆಯುವವನ ಕಣ್ಣು ಇಷ್ಟು.

1953ರಲ್ಲಿ ಖಾಲಿ ಜಾಗಕ್ಕೆ ಸಿಮೆಂಟಿನ ಮಸಮುನೆ ಬಂದ. ಕುದುರೆ ಇಲ್ಲ, ಕವಚ ಇಲ್ಲ, ಸಾದಾ ಉಡುಪಿನಲ್ಲಿ ಸುಮ್ಮನೆ ನಿಂತವನು. ಸೋತ ದೇಶಕ್ಕೆ ಆಗ ಅದೇ ಹೊಂದುತ್ತಿತ್ತೇನೋ. ಹನ್ನೊಂದೇ ವರ್ಷಕ್ಕೆ ಅವನಿಗೂ ವರ್ಗವಾಯಿತು, ಇವಾದೆಯಾಮ ಎಂಬ ಊರಿಗೆ. 1964ರಲ್ಲಿ ಕೊಮುರೊ ಬಿಟ್ಟುಹೋಗಿದ್ದ ಮೂಲ ಮಾದರಿಯಿಂದಲೇ ಮತ್ತೆ ಎರಕ ಹೊಯ್ದು ಕುದುರೆಯನ್ನು ತಂದು ನಿಲ್ಲಿಸಿದರು. ನನ್ನ ಫೋಟೊದಲ್ಲಿರುವುದು ಅದು.

ಎಳವೆಯಲ್ಲೇ ಸಿಡುಬು ಬಂದು ಬಲಗಣ್ಣು ಕಳೆದುಕೊಂಡವನು ಮಸಮುನೆ. ಪ್ರತಿಮೆಗೆ ಮಾತ್ರ ಎರಡು ಕಣ್ಣು. ತನ್ನ ಚಿತ್ರಗಳಲ್ಲಿ ಎರಡೂ ಕಣ್ಣಿರಲಿ ಅಂತ ಅವನೇ ಬಯಸಿದ್ದನಂತೆ. ಸುಳ್ಳು ಹೇಳದೆ ಇದ್ದದ್ದು ಮೂಳೆ: 1974ರಲ್ಲಿ ಸಮಾಧಿ ಅಗೆದಾಗ ಅವನ ಎತ್ತರ ಸುಮಾರು 159 ಸೆಂಟಿಮೀಟರ್ ಎಂದು ಲೆಕ್ಕ ಸಿಕ್ಕಿತು. ಆರು ಲಕ್ಷ ಇಪ್ಪತ್ತು ಸಾವಿರ ಕೊಕು ಅಕ್ಕಿಯ ಸೀಮೆ ಆಳಿದವನು. ಒಂದು ಕೊಕು ಎಂದರೆ ಒಬ್ಬ ಮನುಷ್ಯ ವರ್ಷವಿಡೀ ಉಣ್ಣುವಷ್ಟು.

ಗುಡಿಯ ಮುಂದೆ ಇನ್ನೊಂದು ಬದಲಾವಣೆ. ಸತ್ತ ಸೈನಿಕರ ನೆನಪಿಗೆ 1902ರಲ್ಲಿ ಎತ್ತಿದ ಕಲ್ಲಿನ ಕಂಬದ ತುದಿಯಲ್ಲಿ ಒಂದು ಕಂಚಿನ ಹದ್ದು ರೆಕ್ಕೆ ಬಿಚ್ಚಿ ಕೂತಿರುತ್ತಿತ್ತು. 2008ರಲ್ಲಿ ಕತ್ತು ನೋಯುವಷ್ಟು ತಲೆ ಎತ್ತಿ ನೋಡಿದ್ದೆ. 2011ರ ಮಾರ್ಚ್ 11ರ ಭೂಕಂಪಕ್ಕೆ ಅದು ಕೆಳಗೆ ಬಿತ್ತು. ತುಂಡು ಜೋಡಿಸಿದ್ದಾರೆ, ಆದರೆ ಮತ್ತೆ ಮೇಲೇರಿಸಿಲ್ಲ. ಕಂಬದ ಬುಡದಲ್ಲಿ ನೆಲದ ಮೇಲೇ ಕೂರಿಸಿದ್ದಾರೆ. ನನಗೆ ಈಗಲೇ ಚೆನ್ನಾಗಿದೆ ಅನ್ನಿಸಿತು. ಅಷ್ಟು ಎತ್ತರದಲ್ಲಿ ಬರೀ ಆಕಾರವಾಗಿದ್ದದ್ದು ಈಗ ಗರಿ ಗರಿಯಾಗಿ ಕಾಣುತ್ತದೆ.

ಕುದುರೆ ಕೆಟ್ಟದ್ದು 2022ರ ಮಾರ್ಚ್ 16ರ ಭೂಕಂಪಕ್ಕೆ. ಕಾಲುಗಳು ಬಿರುಕುಬಿಟ್ಟು ಸವಾರನ ಸಮೇತ ವಾಲಿಕೊಂಡಿತ್ತು, ಕೋಟೆಯ ಕಲ್ಲುಗೋಡೆಯೂ ಅಲ್ಲಲ್ಲಿ ಜರಿದಿತ್ತು. ಟೋಕಿಯೊಗೆ ಸಾಗಿಸಿದ್ದಾರೆ ಎಂದು ಹುಡುಗ ಓದಿ ಹೇಳಿದ. ಒಂದು ಮುಂಗಾಲು ಎತ್ತಿದ ಕುದುರೆ, ಮೇಲೆ ಕವಚಧಾರಿ: ಇಡೀ ಭಾರ ಬೀಳುವುದು ಮೂರು ಸಣ್ಣ ಕಾಲುಗಳ ಮೇಲೆ. ವಿದ್ಯಾರ್ಥಿಗೆ ಹತ್ತು ಅಂಕಕ್ಕೆ ಕೊಡಬಹುದಾದ ಲೆಕ್ಕ. ಅಷ್ಟು ಭಾನುವಾರ ಅದರ ಕೆಳಗೆ ಕೂತಿದ್ದರೂ ನನಗೆ ಹೊಳೆದಿರಲಿಲ್ಲ. ಶಿರಸ್ತ್ರಾಣದ ಅರ್ಧಚಂದ್ರವನ್ನೇ ನೋಡುತ್ತಿದ್ದೆ.

ಅಂಗಡಿಗೆ ಹೋಗಿ ಜುಂದಾ ಮೋಚಿ ತಿಂದೆವು. ಹಸಿ ಸೋಯಾ ಕಾಳು ಅರೆದು ಸಕ್ಕರೆ ಬೆರೆಸಿ ಅಕ್ಕಿಯ ಮೆತ್ತನೆ ಉಂಡೆಗೆ ಬಳಿದ ತಿಂಡಿ. ಹಿಂದೆ ಮೊದಲ ತುತ್ತಿಗೇ ಬಿಟ್ಟಿದ್ದೆ. ಈ ಸಲ ಹುಡುಗನ ಪಾಲೂ ನನಗೇ ಬಂತು. ಹಳೆಯ ಫೋಟೊ ತೆಗೆದ ಜಾಗದಲ್ಲೇ ನಿಲ್ಲಿಸಿ ಇನ್ನೊಂದು ಹೊಡೆದ.

ಮನೆಗೆ ಬಂದು ತೋರಿಸಿದರೆ ಹೆಂಡತಿ, “ಇದೇನ್ರೀ, ಬರೀ ಕಟ್ಟೆ ಮುಂದೆ ನಿಂತಿದ್ದೀರಿ?” ಅಂದಳು.

ಮರುವರ್ಷದ ವಸಂತದಲ್ಲಿ ಕುದುರೆ ವಾಪಸು ಬಂತು. ಹುಡುಗ ಚಿತ್ರ ಕಳಿಸಿದ. ಬೆರಳಲ್ಲಿ ಹಿಗ್ಗಿಸಿ ಮೊದಲು ಕಾಲುಗಳನ್ನು ನೋಡಿದೆ.