ಚೀಟಿ ಬರೆಯುತ್ತಿದ್ದ ಕಾಲ

ಗ್ರಂಥಾಲಯಗಳ ಕಾರ್ಡ್ ಕ್ಯಾಟಲಾಗಿನ ಮರದ ಖಾನೆಗಳು ಗುಜರಿಗೆ ಹೋದವು. ಅವುಗಳ ಹಿಂದೆಯೇ ಪಿಎಚ್.ಡಿ. ವಿದ್ಯಾರ್ಥಿಯ ಚೀಟಿಯೂ ಹೋಯಿತು. ಕನ್ನಡ ಸಂಶೋಧಕರಿಗೆ ಆಗ ಇದ್ದ ದೊಡ್ಡ ಸಲಕರಣೆ ಅಂಗೈಯಗಲದ ಆ ಚೀಟಿಯೇ. ಮೇಲೆ ವಿಷಯ, ನಡುವೆ ಟಿಪ್ಪಣಿ, ಕೆಳಗೆ ಗ್ರಂಥ, ಸಂಪುಟ, ಪುಟ. ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಬರೆದುಕೊಳ್ಳಬೇಕು. ಕೈ ಸೋಲುತ್ತಿದ್ದುದರಿಂದಲೇ ಯಾವುದು ಬೇಕು, ಯಾವುದು ಬೇಡ ಎಂಬುದು ಓದುವಾಗಲೇ ತೀರ್ಮಾನವಾಗುತ್ತಿತ್ತು. ಸಂಶೋಧನೆಯ ಅರ್ಧ ಕೆಲಸ ಆ ತೀರ್ಮಾನವೇ ಎಂಬುದು ನನ್ನ ವಾದ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಅಚ್ಚಾಯಿತು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳಲ್ಲಿ ಒಂದೊಂದು ಸಾಲಿನಲ್ಲಿ ಸುಳಿದುಹೋಗುವ ಸಂಗತಿಗಳನ್ನು ಹೆಕ್ಕಿ ಒಂದು ಸಮಾಜವನ್ನೇ ಕಣ್ಣಮುಂದೆ ನಿಲ್ಲಿಸಿದ ಗ್ರಂಥ ಅದು. ಪದ ಕೊಟ್ಟರೆ ಹುಡುಕಿಕೊಡುವ ಯಂತ್ರ ಆಗಲೇ ಇದ್ದಿದ್ದರೆ ಉಲ್ಲೇಖಗಳು ಬೇಗ ಸಿಗುತ್ತಿದ್ದವು, ನಿಜ. ಯಾವ ಪದ ಹುಡುಕಬೇಕೆಂಬುದು ಮಾತ್ರ ಪೂರ್ತಿ ಓದಿದವರಿಗಷ್ಟೇ ಹೊಳೆಯುತ್ತದೆ.

ಇದೆಲ್ಲ ಮುದುಕರ ಹಳಹಳಿಕೆ ಎನ್ನುವವರ ಮಾತಿನಲ್ಲೂ ಹುರುಳಿದೆ. ಧಾರವಾಡದಲ್ಲಿ ಒಪ್ಪಿಸಿದ ಮಹಾಪ್ರಬಂಧ ಮೈಸೂರಿನವರ ಕಣ್ಣಿಗೆ ಬೀಳುವುದು ಆಗ ಅಪರೂಪ. ಬೆರಳಚ್ಚಿನವರ ಹತ್ತಿರ ಪುಟಕ್ಕಿಷ್ಟು ಎಂದು ಚೌಕಾಸಿ, ಕಾರ್ಬನ್ ಪ್ರತಿಗೆ ಬೇರೆ ಲೆಕ್ಕ. ಹಳಗನ್ನಡದ ಱ, ೞ ಯಂತ್ರದಲ್ಲಿ ಇರುತ್ತಿರಲಿಲ್ಲವಾದ್ದರಿಂದ ಬಿಟ್ಟ ಜಾಗಕ್ಕೆ ಆಮೇಲೆ ಪೆನ್ನಿನಲ್ಲಿ ತುಂಬಬೇಕು. ಗೈಡು ಕೊನೇ ಗಳಿಗೆಯಲ್ಲಿ ಒಂದು ಅಧ್ಯಾಯ ತಿದ್ದಿಸಿದರೆ ಅಷ್ಟೂ ಪುಟಕ್ಕೆ ಮತ್ತೆ ದುಡ್ಡು. ಬಡ ಹುಡುಗರು ಸೋಲುತ್ತಿದ್ದುದು ಇಲ್ಲೇ. ಇವತ್ತು ಶೋಧಗಂಗಾ ಜಾಲತಾಣದಲ್ಲಿ ದೇಶದ ಪ್ರಬಂಧಗಳು ಮನೆಯಲ್ಲೇ ತೆರೆದುಕೊಳ್ಳುತ್ತವೆ, ಜೊಟೆರೊ ತಂತ್ರಾಂಶ ಪುಕ್ಕಟೆಯಾಗಿ ಆಕರಸೂಚಿ ಜೋಡಿಸಿಕೊಡುತ್ತದೆ. (ಕನ್ನಡಕ್ಕೆ ಇಲ್ಲೂ ಅರ್ಧ ನ್ಯಾಯವೇ: ಹಳೆಯ ನುಡಿ ಫಾಂಟಿನ ಕಡತದಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ, ರೋಮನ್ ಅಕ್ಷರಗಳ ಕಲಸುಮೇಲೋಗರ!) ಈ ಸೌಲಭ್ಯ ಬೇಡವೆನ್ನುವುದು ಮೂರ್ಖತನ.

ಆದರೆ ಇಳಿಸಿಕೊಂಡದ್ದನ್ನೇ ಓದಿದ್ದೆಂದು ತಿಳಿಯುವ ರೋಗ ಬಂದಿದೆ. ಪೆನ್‌ಡ್ರೈವ್ ತುಂಬ ಪಿಡಿಎಫ್, ಟಿಪ್ಪಣಿ ಸೊನ್ನೆ. ಯುಜಿಸಿಯ 2018ರ ನಿಯಮ ಶೇ. 10ರವರೆಗಿನ ಹೋಲಿಕೆಗೆ ದಂಡ ಹಾಕುವುದಿಲ್ಲ. ಕೃತಿಚೌರ್ಯ ತಡೆಯಲು ಬಂದ ಈ ಮಿತಿಯೊಳಗೆ ತೂರಿಕೊಳ್ಳಲು ಪದ ತಿರುಚುವುದನ್ನೇ ನಮ್ಮ ಹುಡುಗರು ವಿದ್ಯೆ ಮಾಡಿಕೊಂಡಿದ್ದಾರೆ. ಕಾಗದದ ಚೀಟಿಯೇ ಬೇಕೆಂದಿಲ್ಲ, ಮೊಬೈಲಿನಲ್ಲಾದರೂ ಬರೆಯಲಿ. ಮಾರ್ಗದರ್ಶಕರು ಮಾತ್ರ ಅಧ್ಯಾಯ ಕೇಳುವ ಮೊದಲು ಓದಿದ್ದರ ಟಿಪ್ಪಣಿ ಕೇಳಲಿ, ಅದೂ ವಿದ್ಯಾರ್ಥಿಯ ಸ್ವಂತ ಮಾತಿನಲ್ಲಿ.